ಮನೆಯ ನೆನಪು ಮನೆಯಲ್ಲೇ ಉಳಿಯಲಿ

ಬಾಲ್ಯದಲ್ಲಿ ನಾನು ಓದುತ್ತಿದ್ದ ಮಠದಲ್ಲಿ ತಾಳೆಗರಿಯ ಕಟ್ಟುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ದೂಳು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಮತ್ತೆ ಬಟ್ಟೆಯಲ್ಲಿ ಸುತ್ತಿಡುವ ವಾಡಿಕೆಯಿತ್ತು. ಗರಿಗಳು ಮುರಿಯುವ ಹಂತಕ್ಕೆ ಬಂದರೆ ಹಿರಿಯರು ಅವುಗಳಿಗೆ ಹೊಸ ಪ್ರತಿ ಮಾಡಿಸುತ್ತಿದ್ದರು. ಬರೆದಿಟ್ಟದ್ದು ತಾನಾಗಿ ಉಳಿಯದು, ಕಾಯುವವರಿದ್ದರೆ ಮಾತ್ರ ಉಳಿದೀತು ಎಂಬ ತಿಳಿವಳಿಕೆ ಆ ವಾಡಿಕೆಯ ಹಿಂದಿತ್ತು. ಇಂದು ನಮ್ಮ ಮನೆಗಳ ಕಾಗದಪತ್ರಗಳು, ಮದುವೆ ನಾಮಕರಣಗಳ ಭಾವಚಿತ್ರಗಳು, ಹಿರಿಯರ ಧ್ವನಿ ಎಲ್ಲವೂ ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಸೇರಿಕೊಂಡಿವೆ. ಅವುಗಳನ್ನು ಬಿಚ್ಚಿ ಒರೆಸಿ ಕಟ್ಟಿಡುವವರು ಯಾರು?

ಈ ಪ್ರಶ್ನೆ ನನ್ನನ್ನು ತಟ್ಟಿದ್ದು ಒಂದು ನಷ್ಟದ ಮೂಲಕ. ಮಗನು ವಿದೇಶಕ್ಕೆ ತೆರಳುವ ಮುನ್ನ, ಬನಶಂಕರಿಯ ನಮ್ಮ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಗಣಕಕ್ಕೆ ಲಿನಕ್ಸ್ ಅಳವಡಿಸಿ, ಕುಟುಂಬದ ಕಡತಗಳನ್ನೆಲ್ಲ ಅದರಲ್ಲಿ ಜೋಡಿಸಿ ಹೋಗಿದ್ದನು. ಒಂದು ಸಂಜೆ ಗುಡುಗು ಸಿಡಿಲಿನ ಮಳೆಯಲ್ಲಿ ವಿದ್ಯುತ್ ಏರಿಳಿದು ಅದರ ಡಿಸ್ಕ್ ಕೆಟ್ಟಿತು. ನಮ್ಮ ತಾಯಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಹಾಡಿದ್ದ ಬೀಸುವ ಪದಗಳ ಧ್ವನಿಮುದ್ರಣ ಅದರಲ್ಲಿತ್ತು. ಎರಡನೆಯ ಪ್ರತಿ ಇರಲಿಲ್ಲ. ಆ ಧ್ವನಿ ಮರಳಿ ಬರಲಿಲ್ಲ. ಒಂದೇ ಪ್ರತಿಯನ್ನು ನಂಬಿ ಕುಳಿತದ್ದು ನಮ್ಮದೇ ತಪ್ಪು. ಅನಂತರ ಮಗನಿಂದ ಕೇಳಿ ಕಲಿತು, ಈ ವಯಸ್ಸಿನಲ್ಲಿ ಕೈಯಾರೆ ಆ ವ್ಯವಸ್ಥೆಯನ್ನು ಮತ್ತೆ ಕಟ್ಟಿಕೊಂಡೆ. ಕಲಿತದ್ದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಲಿನಕ್ಸ್ ಎಂದರೇನು?

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಲಿನಕ್ಸ್ ಒಂದು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಇದರ ತಿರುಳನ್ನು ಬರೆಯಲಾರಂಭಿಸಿದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ನಿಯಮದಡಿ ಅದು ಜಗತ್ತಿನಾದ್ಯಂತ ಬೆಳೆಯಿತು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳತಿರುಳೂ ಲಿನಕ್ಸೇ ಆಗಿದೆ.

ದಕ್ಷಿಣ ಬೆಂಗಳೂರಿಗೂ ಈ ಮುಕ್ತ ತಂತ್ರಾಂಶದ ಪರಂಪರೆ ಹೊಸದಲ್ಲ. ಜೆ.ಪಿ. ನಗರದ ಷೇರು ವ್ಯವಹಾರ ಸಂಸ್ಥೆ ಜೆರೋಧಾ ತನ್ನ ಕಾರ್ಯಗಳಿಗೆ ಮುಕ್ತ ತಂತ್ರಾಂಶಗಳನ್ನು ವ್ಯಾಪಕವಾಗಿ ಬಳಸುತ್ತಿದ್ದು, ೨೦೨೪ರಲ್ಲಿ ಅಂತಹ ತಂತ್ರಾಂಶಗಳ ನೆರವಿಗೆ ವರ್ಷಕ್ಕೆ ೧೦ ಲಕ್ಷ ಡಾಲರುಗಳ ನಿಧಿಯನ್ನು ಘೋಷಿಸಿತು. ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ರಚಿಸಿದ, ಸುಮಾರು ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಅನ್ನು ೨೦೧೯ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ದೊರಕಿಸಿದವರು ಅದೇ ಸಂಸ್ಥೆಯ ತಂತ್ರಜ್ಞಾನ ಮುಖ್ಯಸ್ಥರಾದ ಕೈಲಾಶ್ ನಾಧ್.

ಹಳೆಯ ಯಂತ್ರವೇ ಸಾಕು

ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ಆ ಕಾರಣದಿಂದ ಮೂಲೆ ಸೇರಿದ ಲ್ಯಾಪ್‌ಟಾಪ್ ಒಂದು ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಲಿನಕ್ಸಿನ ಹಲವು ರೂಪಗಳಲ್ಲಿ, ದಿನಬಳಕೆಗೆ ಲಿನಕ್ಸ್ ಮಿಂಟ್ ಎಂಬುದು ಸುಲಭ; ಹಗಲಿರುಳು ಸದ್ದಿಲ್ಲದೆ ದುಡಿಯಬೇಕಾದ ಯಂತ್ರಕ್ಕೆ ಡೆಬಿಯನ್ ಒಳ್ಳೆಯದು. ಮಿಂಟನ್ನು ಪೆನ್ ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಅಳವಡಿಸಬಹುದು. ಅಳವಡಿಸುವಾಗ ಯಂತ್ರದಲ್ಲಿದ್ದ ಹಳೆಯ ಕಡತಗಳು ಅಳಿಸಿಹೋಗಬಹುದಾದ್ದರಿಂದ ಮೊದಲು ಅವುಗಳಿಗೆ ಪ್ರತಿ ತೆಗೆದಿಡುವುದನ್ನು ಮರೆಯಬಾರದು. ಕನ್ನಡದಲ್ಲಿ ಬರೆಯುವವರಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿದೆ. ಬರೆದದ್ದನ್ನು ಯೂನಿಕೋಡಿನಲ್ಲೇ ಉಳಿಸಿರಿ.

ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಕರೆಂಟು ಹೋದಾಗ ಅದು ತಟ್ಟನೆ ಆರುವುದಿಲ್ಲ. ಆದರೆ ಬ್ಯಾಟರಿ ಉಬ್ಬಿದ್ದರೆ ಬಳಸಬೇಡಿ. ವೈಫೈ ಪೆಟ್ಟಿಗೆಗೂ ಮನೆಯ ಯು.ಪಿ.ಎಸ್. ಸಂಪರ್ಕವಿರಲಿ, ಸಿಡಿಲು ಜೋರಾದಾಗ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಇಂತಹ ಯಂತ್ರವು ಸರಾಸರಿ ೧೫ ವಾಟ್ ಬಳಸಿದರೆ, ತಿಂಗಳಿಗೆ ಸುಮಾರು ೧೧ ಯೂನಿಟ್ ಖರ್ಚಾಗುತ್ತದೆ.

ಮೊದಲಿಗೆ ಒಂದೇ ಕೆಲಸವನ್ನು ಒಪ್ಪಿಸಿರಿ. ಮನೆಯವರೆಲ್ಲ ಕಡತವಿಡಬಹುದಾದ ಒಂದು ಸಾಮಾನ್ಯ ಕಪಾಟನ್ನು ಸಾಂಬಾ ಎಂಬ ತಂತ್ರಾಂಶದಿಂದ ರೂಪಿಸಬಹುದು. ಅದು ರೂಢಿಯಾದ ಬಳಿಕ ಭಾವಚಿತ್ರಗಳಿಗೆ ಇಮ್ಮಿಚ್, ಹಾಡು ಮತ್ತು ವಿಡಿಯೋಗಳಿಗೆ ಜೆಲ್ಲಿಫಿನ್ ಇವೆ. ಇಮ್ಮಿಚ್ ಇದ್ದರೆ ಮೊಬೈಲಿನ ಚಿತ್ರಗಳು ಮನೆಯ ವೈಫೈ ಮೂಲಕ ತಾವಾಗಿ ಯಂತ್ರಕ್ಕೆ ಸೇರುತ್ತವೆ. ಅದಕ್ಕೆ ೮ ಜಿ.ಬಿ. ರ‍್ಯಾಮ್ ಇದ್ದರೆ ಅನುಕೂಲ. ಗೂಗಲ್ ಫೋಟೋಸಿನಲ್ಲಿ ಚಿತ್ರಗಳಿಗಿದ್ದ ಮಿತಿಯಿಲ್ಲದ ಉಚಿತ ಸ್ಥಳವು ೨೦೨೧ರ ಜೂನ್ ೧ರಿಂದ ಹೊಸ ಚಿತ್ರಗಳಿಗೆ ದೊರೆಯದೆ, ಅವು ಖಾತೆಯ ೧೫ ಜಿ.ಬಿ. ಲೆಕ್ಕಕ್ಕೆ ಸೇರತೊಡಗಿದುದನ್ನು ಇಲ್ಲಿ ನೆನೆಯಬಹುದು.

ಬೀದಿಯ ಬಾಗಿಲು ತೆರೆಯದಿರಿ

ಹೊರಗಿನಿಂದಲೂ ಚಿತ್ರ ನೋಡಬೇಕೆಂಬ ಆಸೆಯಿಂದ ವೈಫೈ ಪೆಟ್ಟಿಗೆಯಲ್ಲಿ ಬಾಗಿಲು ತೆರೆದಿಡುವುದು, ಅಂಗಳಕ್ಕೆ ಬೀಗವಿಲ್ಲದ ಗೇಟನ್ನಿಟ್ಟಂತೆ. ಅಪರಿಚಿತರು ಅದನ್ನು ಬಹುಬೇಗ ಪತ್ತೆ ಮಾಡುತ್ತಾರೆ. ಅದಕ್ಕೆ ಬದಲಾಗಿ ವೈರ್‌ಗಾರ್ಡ್ ಎಂಬ ಗುಪ್ತಮಾರ್ಗವಿದೆ. ಅದರ ಕೀಲಿಯಿದ್ದವರಿಗೆ ಮಾತ್ರ ಪ್ರವೇಶ. ಹಲವು ಮನೆಗಳಿಗೆ ಒಂದೇ ಅಂತರ್ಜಾಲ ವಿಳಾಸ ಹಂಚಿಕೆಯಾಗಿರುವ ಕಡೆ ನೇರ ಸಂಪರ್ಕ ಸಾಧ್ಯವಾಗದು; ಅಲ್ಲಿ ವೈರ್‌ಗಾರ್ಡನ್ನೇ ಆಧರಿಸಿದ ಟೇಲ್‌ಸ್ಕೇಲ್ ಸೇವೆ ನೆರವಾಗುತ್ತದೆ. ತಂತ್ರಾಂಶದ ಭದ್ರತಾ ತಿದ್ದುಪಡಿಗಳನ್ನು ವಾರಕ್ಕೊಮ್ಮೆಯಾದರೂ ಅಳವಡಿಸಿರಿ. ಇ-ಮೇಲ್ ವ್ಯವಸ್ಥೆಯನ್ನು ಮಾತ್ರ ಮನೆಯಲ್ಲಿ ಕಟ್ಟಿಕೊಳ್ಳುವ ಗೋಜಿಗೆ ಹೋಗಬೇಡಿ; ಮನೆಯ ಸಂಪರ್ಕದಿಂದ ಹೊರಟ ಪತ್ರಗಳನ್ನು ದೊಡ್ಡ ಸೇವೆಗಳು ಬಹುಮಟ್ಟಿಗೆ ಸ್ವೀಕರಿಸುವುದಿಲ್ಲ.

ಮೂರು ಪ್ರತಿ, ಒಂದು ಪುಸ್ತಕ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಯಾವ ಕಡತವನ್ನು ಕಳೆದುಕೊಳ್ಳಲಾರಿರೋ ಅದಕ್ಕೆ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಬಿಡಿ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಜಯನಗರದ ಮಗಳ ಮನೆಯಲ್ಲಿಯೋ ಊರಿನ ತಮ್ಮನ ಮನೆಯಲ್ಲಿಯೋ ಅದನ್ನಿರಿಸಿ, ಹಬ್ಬಕ್ಕೆ ಹೋದಾಗ ಹೊಸ ಪ್ರತಿಯೊಡನೆ ಬದಲಿಸಿಕೊಳ್ಳಬಹುದು. ಒಂದೇ ಯಂತ್ರದೊಳಗೆ ಎರಡು ಡಿಸ್ಕ್ ಇಟ್ಟರೆ ಸಾಲದು. ಕಳ್ಳತನ, ಬೆಂಕಿ, ಕೈತಪ್ಪಿ ಅಳಿಸುವಿಕೆ ಎರಡನ್ನೂ ಒಟ್ಟಿಗೇ ನುಂಗುತ್ತವೆ. ಮೂರು ತಿಂಗಳಿಗೊಮ್ಮೆ ಪ್ರತಿಯಿಂದ ಒಂದೆರಡು ಕಡತಗಳನ್ನು ತೆರೆದು ಪರೀಕ್ಷಿಸಿರಿ. ತೆರೆಯದ ಪ್ರತಿ ಪ್ರತಿಯೇ ಅಲ್ಲ.

ಕೊನೆಯದಾಗಿ, ಒಂದು ಸಾದಾ ನೋಟ್‌ಬುಕ್ ಇರಲಿ. ಯಂತ್ರವನ್ನು ಹೇಗೆ ಆರಂಭಿಸಬೇಕು, ಯಾವ ಕಡತ ಎಲ್ಲಿದೆ, ಗುಪ್ತಪದಗಳೇನು, ಬಿಡಿ ಡಿಸ್ಕ್ ಯಾರ ಮನೆಯಲ್ಲಿದೆ ಎಂಬುದನ್ನು ಸ್ಪಷ್ಟ ಕನ್ನಡದಲ್ಲಿ ಬರೆದು, ಆಸ್ತಿಪತ್ರಗಳ ಜೊತೆ ಬೀರುವಿನಲ್ಲಿಡಿ. ಕಟ್ಟಿದ ಮಗ ದೂರದ ದೇಶದಲ್ಲಿರಬಹುದು, ಬರೆದವರು ನಾಳೆ ಇಲ್ಲದಿರಬಹುದು. ಮನೆಯಲ್ಲಿ ಉಳಿದವರಿಗೆ ಅದೇ ದಾರಿದೀಪ.

ನಮ್ಮ ತಾಯಿಯವರ ಹಾಡು ಹೋಯಿತು. ಈಗ ನನ್ನ ಸೋದರತ್ತೆಯವರಿಂದ ಅವೇ ಪದಗಳನ್ನು ಹಾಡಿಸಿ ಮುದ್ರಿಸಿಕೊಳ್ಳುತ್ತಿದ್ದೇನೆ. ಈ ಬಾರಿ ಮೂರು ಪ್ರತಿಗಳಿವೆ. ನಿಮ್ಮ ಮನೆಯ ಹಿರಿಯರ ಧ್ವನಿಗೆ ಎಷ್ಟು ಪ್ರತಿಗಳಿವೆ ಎಂಬುದನ್ನು ಇಂದೇ ಎಣಿಸಿ ನೋಡಿರಿ.