ವಿಜ್ಞಾನದ ಅವಧಿಯಲ್ಲಿ ಓದು–ಬರಹ: ಏಳನೇ ತರಗತಿಯಲ್ಲಿ ಕಂಡುಕೊಂಡದ್ದು

ಜಗಳೂರು ತಾಲ್ಲೂಕಿನ ಸೊಕ್ಕೆ ಭಾಗದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯಿತು. ತರಗತಿ ಏಳು, ವಿಷಯ ವಿಜ್ಞಾನ, ಪಾಠ ‘ಸಸ್ಯಗಳಲ್ಲಿ ಪೋಷಣೆ’. ಮೊದಲ ದಿನ ಪಾಠ ಮುಗಿಸಿ, ಕಪ್ಪುಹಲಗೆಯ ಟಿಪ್ಪಣಿಯನ್ನು ಮಕ್ಕಳು ಬರೆದುಕೊಂಡ ಮೇಲೆ ನೋಟ್‌ಬುಕ್‌ಗಳನ್ನು ನೋಡಿದೆ. ಒಬ್ಬ ಹುಡುಗನ ಅಕ್ಷರ ಮುತ್ತು ಪೋಣಿಸಿದಂತಿತ್ತು. “ಇದನ್ನ ಓದಪ್ಪ” ಎಂದೆ. ಸುಮ್ಮನೆ ನಿಂತ. ಮತ್ತೆ ಕೇಳಿದಾಗ ಪಕ್ಕದವನೇ ಉತ್ತರ ಕೊಟ್ಟ: “ಅವ್ನಿಗೆ ಬರಿಯಾಕೆ ಬರ್ತೈತೆ ಸಾರ್, ಓದಾಕೆ ಬರಲ್ಲ.”

ಅಷ್ಟರಲ್ಲಿ ನನ್ನ ಪಾಠಯೋಜನೆಯ ಕೊನೆಯಲ್ಲಿ ‘ಉದ್ದೇಶಗಳು ಈಡೇರಿವೆ’ ಎಂದು ನಾನು ಬರೆದಾಗಿತ್ತು. ಆ ಸಾಲು ಸುಳ್ಳಾಗಿತ್ತು. ಅವನು ಮಾಡಿದ್ದು ಬರಹವಲ್ಲ, ಚಿತ್ರ ನೋಡಿ ಚಿತ್ರ ಬಿಡಿಸಿದಂತಹ ನಕಲು. ಓದು–ಬರಹ ಕನ್ನಡ ಶಿಕ್ಷಕರ ಕೆಲಸ, ನನ್ನದು ವಿಜ್ಞಾನ ಎಂದುಕೊಂಡಿದ್ದವನಿಗೆ ಅಂದೇ ತಿಳಿಯಿತು: ಪಠ್ಯವನ್ನು ಓದಲಾಗದ ಮಗುವಿಗೆ ನಾನು ವಿಜ್ಞಾನವನ್ನೂ ಕಲಿಸಿರಲಿಲ್ಲ. ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ವಿಷಯ ನಮ್ಮ ಬಿ.ಎಡ್.ನಲ್ಲೇ ಇದೆ. ಇಂಗ್ಲೆಂಡಿನಲ್ಲಿ 1975ರ ಬುಲಕ್ ವರದಿ ಎಲ್ಲ ವಿಷಯಗಳ ಶಿಕ್ಷಕರಿಗೂ ಈ ಹೊಣೆ ಇದೆ ಎಂದಿತ್ತು. ಪರೀಕ್ಷೆಗೆ ಬರೆದಿದ್ದ ಆ ಉತ್ತರದ ಅರ್ಥ ನನಗಾದದ್ದು ಈ ತರಗತಿಯಲ್ಲಿ. ಮುಂದಿನ ವಾರಗಳಲ್ಲಿ ನಾನು ಅನುಸರಿಸಿದ ನಾಲ್ಕು ಹೆಜ್ಜೆಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು, ತೊಡಕು ಎಲ್ಲಿದೆ ಎಂದು ಗುರುತಿಸುವುದು. ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು ಎರಡು ನಿಮಿಷ ಓದಿಸಿದೆ. ಮೂರು ಬಗೆಯವರು ಕಂಡರು: ಒತ್ತಕ್ಷರ ಬಂದೊಡನೆ ನಿಲ್ಲುವವರು, ಸರಾಗವಾಗಿ ಓದಿದರೂ ಓದಿದ್ದೇನೆಂದು ಹೇಳಲಾಗದವರು, ಓದಿ ಅರ್ಥ ಮಾಡಿಕೊಳ್ಳುವವರು. ಎರಡನೆಯ ಗುಂಪು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಗಟ್ಟಿಯಾಗಿ ಓದಿಸಿದಾಗ ಅವರು ಜಾಣರಂತೆ ಕಾಣುತ್ತಾರೆ. ಮೂವರಿಗೂ ಒಂದೇ ಮದ್ದು ಕೊಟ್ಟರೆ ಪ್ರಯೋಜನವಿಲ್ಲ.

ಎರಡನೆಯದು, ಓದುವ ಮೊದಲು ಪದ ಬಿಡಿಸುವುದು. ವಿಜ್ಞಾನದ ಪುಟದಲ್ಲಿ ವಿಜಾತೀಯ ಒತ್ತಕ್ಷರಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಮೊದಲ ಗುಂಪಿಗೆ ‘ಕಲ್ಲು’, ‘ಮಣ್ಣು’, ‘ಹುಲ್ಲು’ ಎಂಬ ಸಜಾತೀಯ ಒತ್ತಿನ ಪದಗಳಿಂದ ಆರಂಭಿಸಿ, ಆಮೇಲೆ ‘ಪತ್ರ’, ‘ಸೂರ್ಯ’, ‘ಸಸ್ಯ’ಕ್ಕೆ ಬಂದೆ. ಇಡೀ ತರಗತಿಗೆ ‘ದ್ಯುತಿಸಂಶ್ಲೇಷಣೆ’ಯನ್ನು ಎರಡಾಗಿ ಬರೆದೆ: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ‘ಸ್ವಪೋಷಕ’ವನ್ನು ಮಕ್ಕಳೇ ಬಿಡಿಸಿದರು. ‘ಪರಪೋಷಕ’ದ ಅರ್ಥವನ್ನು ನಾನು ಹೇಳಬೇಕಾಗಲಿಲ್ಲ.

ಮೂರನೆಯದು, ಓದುತ್ತಾ ಯೋಚಿಸುವುದು. ಅಮೆರಿಕದ ಪಾಲಿನ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅಕ್ಷರ ಓದಬಲ್ಲ, ಆದರೆ ಅರ್ಥ ಗ್ರಹಿಸಲಾಗದ ಏಳನೇ ತರಗತಿಯ ಮಕ್ಕಳನ್ನು ಕುರಿತದ್ದು. ಅವರ ವಿಧಾನದಲ್ಲಿ ನಾಲ್ಕು ಕೆಲಸಗಳಿವೆ: ಮುಂದೇನು ಬರಬಹುದೆಂದು ಊಹಿಸುವುದು, ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಸ್ಪಷ್ಟಪಡಿಸಿಕೊಳ್ಳುವುದು, ಸಾರ ಹೇಳುವುದು. ಮೊದಲು ಶಿಕ್ಷಕರು ಮಾಡಿ ತೋರಿಸಬೇಕು, ನಂತರ ಮಕ್ಕಳು ಸರದಿಯಂತೆ ಶಿಕ್ಷಕರಾಗಬೇಕು. ನಾನು ಒಂದು ಸಲಕ್ಕೆ ಒಂದೇ ಪ್ಯಾರಾ ತೆಗೆದುಕೊಂಡು, ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟೆ. ಮೊದಲೆರಡು ದಿನ ಗದ್ದಲವೇ ಹೆಚ್ಚು. ಮೂರನೆಯ ದಿನ ಒಬ್ಬಳು ಕೇಳಿದಳು: “ಬೇರು ನೀರು ಕುಡೀತದೆ, ಎಲೆ ಊಟ ಮಾಡ್ತದೆ. ಹಂಗಾದ್ರೆ ರಾತ್ರಿ ಗಿಡ ಉಪವಾಸನಾ ಸಾರ್?” ಪುಸ್ತಕದ ಕೊನೆಯಲ್ಲಿಲ್ಲದ ಆ ಪ್ರಶ್ನೆ ಹುಟ್ಟಿದ್ದು ಓದಿನಿಂದ.

ನಾಲ್ಕನೆಯದು, ನೋಡಿ, ಮಾತಾಡಿ, ಆಮೇಲೆ ಬರೆಯುವುದು. ಮೈದಾನದಲ್ಲಿ ಹುಲ್ಲಿನ ಮೇಲೆ ಬಹಳ ದಿನ ಬಿದ್ದಿದ್ದ ಒಂದು ಕಲ್ಲನ್ನು ಸರಿಸಿದೆವು. ಕೆಳಗಿನ ಹುಲ್ಲು ಬೆಳ್ಳಗೆ, ಹಳದಿಯಾಗಿತ್ತು. ಮೆಕ್ಕೆಜೋಳದ ಹೊಲ ಕಂಡ ಮಕ್ಕಳು ಗೊಬ್ಬರ ಸಾಲದೆ ಎಲೆ ಹಳದಿಯಾಗುವುದನ್ನು ಬಲ್ಲರು. ಇಲ್ಲಿ ಕೊರತೆಯಾದದ್ದು ಬೆಳಕು ಎಂಬುದು ಮಾತುಕತೆಯಿಂದ ಹೊರಬಂತು. ನಂತರ ಮೂರೇ ವಾಕ್ಯ ಬರೆಯಿಸಿದೆ: ನಾನು ಕಂಡದ್ದು ಏನು, ಹಾಗೇಕೆ ಆಯಿತು, ಇನ್ನೇನು ತಿಳಿಯಬೇಕು. ಮೊದಲು ಅವರ ಮಾತಿನಲ್ಲೇ ಹೇಳಿಸಿ ಹಲಗೆಯ ಮೇಲೆ ಬರೆದು, ‘ಆಗೈತೆ’ಯ ಪಕ್ಕದಲ್ಲಿ ‘ಆಗಿದೆ’ ಎಂದು ಬರೆದೆ. ಮನೆಮಾತನ್ನು ತಪ್ಪೆಂದು ಹೊಡೆದುಹಾಕಿದರೆ ಮಗು ಮುಂದೆ ಬಾಯಿಯನ್ನೇ ತೆರೆಯುವುದಿಲ್ಲ.

ತಿದ್ದುವಾಗ ಮೊದಲು ಅರ್ಥ ನೋಡಿದೆ. ಕಾಗುಣಿತದಲ್ಲಿ ಒಂದು ದಿನಕ್ಕೆ ಒಂದೇ ಬಗೆಯ ತಪ್ಪು: ಒಂದು ದಿನ ‘ಯಲೆ’ ಎಂದು ಬರೆದವರು ‘ಎಲೆ’ ಮಾಡಿದರು, ಇನ್ನೊಂದು ದಿನ ‘ಮಣು’ವಿಗೆ ಒತ್ತು ಕೊಟ್ಟರು. ಪುಟವೆಲ್ಲ ಕೆಂಪಾದಾಗ ಮಗುವಿಗೆ ಕಾಣುವುದು ಕೆಂಪು ಮಾತ್ರ.

ಈ ವಿಧಾನಕ್ಕೆ ಮಿತಿಗಳೂ ಇವೆ. ನಲವತ್ತು ನಿಮಿಷದ ಅವಧಿಯಲ್ಲಿ ಕಾಲು ಭಾಗ ಓದಿಗೇ ಹೋಗುತ್ತದೆ, ಪಾಠ ನಿಧಾನವಾಗುತ್ತದೆ. ಒತ್ತಕ್ಷರ ಬಾರದ ಮಕ್ಕಳಿಗೆ ಕೆಲವೇ ವಾರ ಸಾಲದು. ನಾವು ಹೊರಟ ಮೇಲೂ ಶಾಲೆಯಲ್ಲಿ ಯಾರಾದರೂ ಅದನ್ನು ಮುಂದುವರಿಸಬೇಕು. ಆದ್ದರಿಂದ ಯಾವ ಮಗು ಎಲ್ಲಿ ನಿಲ್ಲುತ್ತದೆ ಎಂಬ ಪಟ್ಟಿಯನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಿ ಬಂದೆ.

ಕೊನೆಯ ವಾರ ಆ ಹುಡುಗ ‘ಕಲ್ಲಿನ ಕೆಳಗೆ ಹುಲ್ಲು ಬೆಳ್ಳಗೆ ಇತ್ತು’ ಎಂದು ಬರೆದ. ಅಕ್ಷರ ಮೊದಲಿನಷ್ಟು ದುಂಡಾಗಿರಲಿಲ್ಲ. ಹಲಗೆಯ ಮೇಲೆ ಆ ವಾಕ್ಯ ಇರಲಿಲ್ಲ. ಬೆರಳಿಟ್ಟು, ತಡೆದು ತಡೆದು, ತಾನೇ ಓದಿದ. ‘ದ್ಯುತಿಸಂಶ್ಲೇಷಣೆ’ಯಲ್ಲಿ ಇನ್ನೂ ನಿಲ್ಲುತ್ತಾನೆ.

ಮುಂದಿನ ತಂಡದ ಸಹಪಾಠಿಗಳಿಗೆ ನನ್ನ ಕೋರಿಕೆ: ಮೊದಲ ಪಾಠಯೋಜನೆ ಬರೆಯುವ ಮುನ್ನ ಪ್ರತಿ ಮಗುವಿನಿಂದಲೂ ಎರಡು ನಿಮಿಷ ಓದಿಸಿ ಕೇಳಿ. ನಮ್ಮ ಉಪನ್ಯಾಸಕರಲ್ಲಿ ವಿನಂತಿ: ವಿಜ್ಞಾನ, ಗಣಿತ, ಸಮಾಜ ವಿಜ್ಞಾನಗಳ ಪಾಠಯೋಜನೆಯಲ್ಲೂ ‘ಇಂದು ಮಕ್ಕಳು ಓದುವುದೇನು, ಸ್ವತಃ ಬರೆಯುವುದೇನು’ ಎಂಬ ಒಂದು ಅಂಕಣ ಇರಲಿ. ಆ ಅಂಕಣವನ್ನು ತುಂಬಬೇಕಾಗಿದ್ದರೆ, ನಾನು ಮೊದಲ ದಿನವೇ ‘ಈಡೇರಿವೆ’ ಎಂದು ಬರೆಯುತ್ತಿರಲಿಲ್ಲ.