ನೈಲ್ ನದಿಯ ಮೇಲೆ ಐದು ದಿನ

ಕಾಶಿ ರಾಮೇಶ್ವರಗಳ ಯಾತ್ರೆಯನ್ನು ಪೂರೈಸಿದ ನಮ್ಮ ತಾಯಿಯವರನ್ನು, ‘ಇನ್ನೆಲ್ಲಿಗಾದರೂ ಹೋಗಬೇಕೆಂಬ ಆಸೆಯುಂಟೇ ಅಮ್ಮಾ?’ ಎಂದು ಒಮ್ಮೆ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೊಡ್ಡ ಹೊಳೆಯೊಂದರ ಮೇಲೆ ನಾಲ್ಕು ದಿನ ದೋಣಿಯಲ್ಲಿ ಕುಳಿತು ಹೋಗಬೇಕು’ ಎಂದರು. ಅವರು ಶರಾವತಿಯ ತೀರದಲ್ಲಿ ಹುಟ್ಟಿದವರು. ಈಗ ಎಪ್ಪತ್ತೈದು ವರ್ಷದ ವಯಸ್ಸು. ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಹಾಗಾಗಿ ಕಳೆದ ಚಳಿಗಾಲದಲ್ಲಿ ನಾವು ದಂಪತಿಗಳು ತಾಯಿಯವರನ್ನು ಕರೆದುಕೊಂಡು ಈಜಿಪ್ಟು ದೇಶಕ್ಕೆ ಹೊರಟೆವು.

ಮುಂಬಯಿಯಿಂದ ವಿಮಾನದಲ್ಲಿ ಕೈರೋ ನಗರ, ಅಲ್ಲಿಂದ ಲಕ್ಸರ್. ಲಕ್ಸರಿನಿಂದ ಅಸ್ವಾನಿನವರೆಗೆ ಸುಮಾರು ೨೦೦ ಕಿಲೋಮೀಟರುಗಳ ದೂರವನ್ನು ನದಿಯ ಮೇಲೆಯೇ ನಿಧಾನವಾಗಿ ಕ್ರಮಿಸುವುದೇ ಈ ಪ್ರವಾಸದ ಸ್ವಾರಸ್ಯವು. ಹೀಗೆ ಮಾರ್ಗದರ್ಶಿಗಳೊಡನೆ ಪ್ರವಾಸಿಗರ ತಂಡವನ್ನು ನೈಲ್ ನದಿಗೆ ಕರೆದೊಯ್ಯುವ ಪದ್ಧತಿಯನ್ನು ಥಾಮಸ್ ಕುಕ್ ಎಂಬ ಆಂಗ್ಲೇಯನು ೧೮೬೯ರಲ್ಲಿಯೇ ಆರಂಭಿಸಿದನು. ಆಗ ಉಗಿಹಡಗುಗಳಿದ್ದವು, ಈಗ ನಾಲ್ಕೈದು ಅಂತಸ್ತುಗಳ ತೇಲುವ ಹೋಟೆಲುಗಳು. ಇವು ದಡದಲ್ಲಿ ಒಂದರ ಪಕ್ಕಕ್ಕೊಂದು ತಾಗಿ ನಿಲ್ಲುವುದರಿಂದ, ನಮ್ಮ ಹಡಗನ್ನು ಸೇರಲು ಬೇರೆ ಮೂರು ಹಡಗುಗಳ ನಡುಮನೆಗಳನ್ನು ದಾಟಿ ಹೋಗಬೇಕಾಯಿತು. ‘ಕೇರಿಯ ಮನೆಗಳನ್ನೆಲ್ಲ ಹಾಯ್ದು ನಮ್ಮ ಮನೆಗೆ ಹೋದಂತಾಯಿತು’ ಎಂದು ತಾಯಿಯವರು ನಕ್ಕರು.

ನಮ್ಮ ತಂಡಕ್ಕೆ ನೇಮಕವಾದ ಮಾರ್ಗದರ್ಶಿಯು ಐವತ್ತರ ಸಮೀಪದ ಕಪ್ಪು ಮೈಬಣ್ಣದ ಸೌಮ್ಯ ಪುರುಷನು, ನೂಬಿಯಾ ಸೀಮೆಯವನು. ಮೊದಲನೆಯ ದಿನವೇ ಅವನು ತಾಯಿಯವರ ಕೈ ಹಿಡಿದು ಹಲಗೆಯನ್ನು ದಾಟಿಸಿ, ‘ಹಾಗ್ಗಾ’ ಎಂದು ಕರೆದನು. ಯಾತ್ರೆ ಮಾಡಿಬಂದ ಹಿರಿಯಳು ಎಂದು ಅದರ ಅರ್ಥವಂತೆ. ವಯಸ್ಸಾದ ಹೆಂಗಸರನ್ನು ಆ ದೇಶದಲ್ಲಿ ಮರ್ಯಾದೆಯಿಂದ ಹೀಗೆ ಕರೆಯುವರು.

ಒಂದು ಸಂಗತಿಯನ್ನು ವಾಚಕರು ಮೊದಲೇ ತಿಳಿದಿರುವುದು ಒಳ್ಳೆಯದು. ನೈಲ್ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುವುದು. ಆದುದರಿಂದ ಭೂಪಟದಲ್ಲಿ ಕೆಳಗಿರುವ ದಕ್ಷಿಣ ಭಾಗವೇ ‘ಮೇಲಣ ಈಜಿಪ್ಟು’. ಗಾಳಿಯಾದರೋ ಬಹುತರ ಉತ್ತರದಿಂದ ಬೀಸುವುದು. ಹಾಯಿ ಬಿಚ್ಚಿದರೆ ದೋಣಿಯು ಪ್ರವಾಹಕ್ಕೆ ಎದುರಾಗಿ ಏರುವುದು. ಹಾಯಿ ಮಡಿಸಿದರೆ ತಾನಾಗಿ ಇಳಿಯುವುದು. ಆ ಪುರಾತನರ ಚಿತ್ರಲಿಪಿಯಲ್ಲಿ ಹಾಯಿ ಬಿಚ್ಚಿದ ದೋಣಿಯೆಂದರೆ ದಕ್ಷಿಣ ಪ್ರಯಾಣ. ಮಳೆಯೇ ಇಲ್ಲವೆನ್ನಬಹುದಾದ ದೇಶಕ್ಕೆ ಪ್ರಕೃತಿಯು ಇಂಥ ಅನುಕೂಲವನ್ನು ಮಾಡಿಕೊಟ್ಟಿರುವುದು.

ಲಕ್ಸರಿನ ಪೂರ್ವದಡದಲ್ಲಿ ಕಾರ್ನಾಕ್ ದೇವಾಲಯಗಳಿರುವವು. ಅಲ್ಲಿಯ ಮಹಾಮಂಟಪದಲ್ಲಿ ೧೩೪ ಕಂಬಗಳು. ನಡುಸಾಲಿನ ಹನ್ನೆರಡು ಕಂಬಗಳು ಸುಮಾರು ೨೧ ಮೀಟರು ಎತ್ತರದವು. ಸೇತಿ ಎಂಬ ರಾಜನೂ ಅವನ ಮಗ ಎರಡನೆಯ ರಾಮ್ಸೆಸನೂ ಕ್ರಿಸ್ತಪೂರ್ವ ಹದಿಮೂರನೆಯ ಶತಮಾನದಲ್ಲಿ ಇದನ್ನು ಅಲಂಕರಿಸಿದರು. ಹತ್ತಿರದಲ್ಲಿಯೇ ಹಾತ್‌ಶೆಪ್ಸುತ್ ಎಂಬ ರಾಣಿಯು ನಿಲ್ಲಿಸಿದ ಏಕಶಿಲಾ ಸ್ತಂಭವೊಂದು ಸುಮಾರು ೨೯ ಮೀಟರು ಎತ್ತರಕ್ಕೆ ನಿಂತಿರುವುದು. ಲಕ್ಸರ್ ದೇವಾಲಯದ ಬಾಗಿಲಲ್ಲಿಯೂ ಇಂಥ ಜೋಡಿ ಸ್ತಂಭಗಳಿದ್ದವು. ಒಂದು ಮಾತ್ರ ಅಲ್ಲಿ ಉಳಿದು, ಇನ್ನೊಂದು ೧೮೩೬ರಿಂದ ಪ್ಯಾರಿಸ್ ನಗರದ ಚೌಕದಲ್ಲಿ ನಿಂತಿದೆ. ಎರಡು ದೇವಾಲಯಗಳನ್ನು ಕೂಡಿಸುವ ಸುಮಾರು ೨.೭ ಕಿಲೋಮೀಟರಿನ ಸಿಂಹದೇಹದ ವಿಗ್ರಹಗಳ ರಾಜಬೀದಿಯನ್ನು ಮಣ್ಣಿನಿಂದ ಬಿಡಿಸಿ ೨೦೨೧ರಲ್ಲಿ ಜನರಿಗೆ ತೆರೆದಿರುವರು.

ಮರುದಿನ ಪಶ್ಚಿಮದಡಕ್ಕೆ ಹೋದೆವು. ಸೂರ್ಯನು ಮುಳುಗುವ ದಿಕ್ಕು ಮೃತರ ದಿಕ್ಕೆಂದು ಆ ಜನರ ಭಾವನೆಯಾದ್ದರಿಂದ ರಾಜರ ಸಮಾಧಿಗಳೆಲ್ಲ ಆ ಕಡೆಗೇ ಇರುವವು. ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟದ ಕಣಿವೆಯಲ್ಲಿ ೬೦ಕ್ಕೂ ಹೆಚ್ಚು ಗುಹೆಗಳನ್ನು ಕೊರೆದಿರುವರು. ನಾವು ಒಳಹೊಕ್ಕ ಒಂದರಲ್ಲಿ ಮೂರು ಸಾವಿರ ವರ್ಷಗಳ ಹಿಂದಣ ನೀಲಿ, ಹಳದಿ ಬಣ್ಣಗಳು ನಿನ್ನೆ ಬಳಿದಂತೆ ತೋರಿದವು. ಇವುಗಳಲ್ಲಿ ಹೆಚ್ಚಿನವು ಪುರಾತನ ಕಾಲದಲ್ಲಿಯೇ ಕಳ್ಳರ ಪಾಲಾದವು. ಯೌವನದಲ್ಲಿಯೇ ತೀರಿಕೊಂಡ ತುತಂಖಾಮನ್ ಎಂಬ ರಾಜನ ಸಮಾಧಿಯನ್ನು ಮಾತ್ರ ಹೊವಾರ್ಡ್ ಕಾರ್ಟರನು ೧೯೨೨ರ ನವೆಂಬರಿನಲ್ಲಿ ಹೆಚ್ಚುಕಡಿಮೆ ಪೂರ್ಣವಾಗಿ ಕಂಡನು. ೫,೦೦೦ಕ್ಕೂ ಮೀರಿದ ವಸ್ತುಗಳು ಹೊರಬಂದವು. ಅರಸನ ದೇಹವು ಇಂದಿಗೂ ಅದೇ ಗುಹೆಯಲ್ಲಿದೆ; ಅವನ ಒಡವೆಗಳನ್ನು ನೋಡಬೇಕಾದರೆ ಪಿರಮಿಡ್ಡುಗಳ ಬಳಿ ೨೦೨೫ರ ನವೆಂಬರಿನಲ್ಲಿ ವಿಧ್ಯುಕ್ತವಾಗಿ ತೆರೆದ ಹೊಸ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಹಾತ್‌ಶೆಪ್ಸುತ್ ರಾಣಿಯ ದೇವಾಲಯವೂ ಇದೇ ದಡದಲ್ಲಿದೆ. ಕಡಿದಾದ ಬೆಟ್ಟದ ಬುಡದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಮೂರು ವಿಶಾಲ ಜಗಲಿಗಳು. ಆಕೆಯು ಪುಂತ್ ಎಂಬ ದೂರದೇಶಕ್ಕೆ ಹಡಗುಗಳನ್ನು ಕಳುಹಿಸಿ ಸುಗಂಧದ ಗಿಡಗಳನ್ನು ಬೇರುಸಹಿತ ಬುಟ್ಟಿಗಳಲ್ಲಿ ತರಿಸಿದ ವಿಷಯವು ಅಲ್ಲಿಯ ಗೋಡೆಯ ಮೇಲೆ ಕೆತ್ತಲ್ಪಟ್ಟಿದೆ. ಆಕೆಯ ತರುವಾಯ ಅನೇಕ ಕಡೆ ಆಕೆಯ ಹೆಸರನ್ನೂ ರೂಪವನ್ನೂ ಉಳಿಯಿಂದ ಕೆತ್ತಿ ತೆಗೆದುಹಾಕಿದರು. ‘ಗಿಡ ತಂದು ನೆಟ್ಟವಳ ಹೆಸರನ್ನು ಯಾಕೆ ಅಳಿಸಿದರೋ’ ಎಂದು ತಾಯಿಯವರು ಮರುಗಿದರು.

ಅಂದು ಹಡಗು ಹೊರಟಿತು. ನದಿಯ ಎರಡೂ ದಡಗಳಲ್ಲಿ ಖರ್ಜೂರದ ಮರಗಳು, ಕಬ್ಬಿನ ಗದ್ದೆಗಳು, ಕತ್ತೆಯ ಮೇಲೆ ಹುಲ್ಲುಹೊರೆ. ಅದರಾಚೆ ಕೂಗಳತೆಯಲ್ಲಿಯೇ ಮರುಭೂಮಿ. ಎಸ್ನಾ ಎಂಬಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಇರುವುದು. ಹಡಗನ್ನು ದೊಡ್ಡ ತೊಟ್ಟಿಯೊಂದಕ್ಕೆ ಸೇರಿಸಿ, ಹಿಂದಣ ಬಾಗಿಲನ್ನು ಮುಚ್ಚಿ, ನೀರನ್ನು ತುಂಬಿಸಿ ಮೇಲಣ ಮಟ್ಟಕ್ಕೆ ಏರಿಸುವರು. ಸರದಿಗಾಗಿ ಕಾಯುತ್ತಿರುವಾಗ ಸಣ್ಣ ದೋಣಿಗಳಲ್ಲಿ ವ್ಯಾಪಾರಿಗಳು ಬಂದು ಮುತ್ತಿದರು. ಶಾಲು, ನಿಲುವಂಗಿ, ಮೇಜುಬಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಮೂರು ಅಂತಸ್ತಿನ ಮೇಲಕ್ಕೆ ಗುರಿ ತಪ್ಪದೆ ಎಸೆಯುವರು. ಬೇಕಾದವರು ಅದೇ ಚೀಲದಲ್ಲಿ ಹಣವಿಟ್ಟು ಕೆಳಕ್ಕೆ ಎಸೆಯಬೇಕು. ಚೌಕಾಶಿಯಲ್ಲಿ ನಮ್ಮ ಮನೆಯವರು ಅವರಿಗೆ ಸೋಲಲಿಲ್ಲವೆಂದಷ್ಟೇ ಹೇಳುವೆವು.

ಕನ್ನಡಿಗರಿಗೆ ಈ ದೇಶದ ಮೇಲೆ ಇನ್ನೊಂದು ಕುತೂಹಲವೂ ಉಂಟು. ಕೈರೋದ ದಕ್ಷಿಣದಲ್ಲಿರುವ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು ೧೯೦೩ರಲ್ಲಿ ಅಚ್ಚಾಯಿತು. ಅದರ ಕಥೆ ನಡೆಯುವುದು ಹಿಂದೂದೇಶದ ಕಡಲತೀರದಲ್ಲಿ. ಅಲ್ಲಿಯ ಪಾತ್ರಗಳು ಗ್ರೀಕರಿಗೆ ಅರ್ಥವಾಗದ ಭಾಷೆಯನ್ನು ಆಡುವರು. ಅದು ಕನ್ನಡವಿರಬೇಕೆಂದು ಹುಲ್ಟ್ಜ್ ಎಂಬ ವಿದ್ವಾಂಸರು ೧೯೦೪ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ವಿಚಾರಮಾಡಿದರು. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ. ಆದರೂ ಸಂಜೆಯ ಹೊತ್ತು ಹಡಗಿನ ಮಹಡಿಯಲ್ಲಿ ಕುಳಿತು ಕನ್ನಡದಲ್ಲಿ ಹರಟುತ್ತಿರುವಾಗ ಆ ವಿಷಯವನ್ನು ನೆನೆದು ಸಂತೋಷವಾಯಿತು.

ಎಡ್‌ಫೂ ಎಂಬ ಊರಿನಲ್ಲಿ ಕುದುರೆಗಾಡಿಗಳಲ್ಲಿ ಕುಳಿತು ಹೋರಸ್ ಎಂಬ ಗಿಡುಗರೂಪದ ದೇವರ ಗುಡಿಗೆ ಹೋದೆವು. ಕ್ರಿಸ್ತಪೂರ್ವ ೨೩೭ರಲ್ಲಿ ಆರಂಭವಾದ ಈ ಕೆಲಸ ಮುಗಿದುದು ಕ್ರಿಸ್ತಪೂರ್ವ ೫೭ರಲ್ಲಿ. ಕಾಲಾಂತರದಲ್ಲಿ ಮರಳು ತುಂಬಿ, ಮಾಳಿಗೆಯ ಮೇಲೆಯೇ ಹಳ್ಳಿಯವರು ಮನೆಗಳನ್ನು ಕಟ್ಟಿಕೊಂಡಿದ್ದರು. ೧೮೬೦ರ ಸುಮಾರಿಗೆ ಮರಿಯೆಟ್ ಎಂಬ ಫ್ರೆಂಚ್ ವಿದ್ವಾಂಸನು ಅದನ್ನು ಬಿಡಿಸಿದನು. ಮರಳಿನ ಹೊದಿಕೆಯಿಂದಲೇ ಗುಡಿಯು ಇಷ್ಟು ಚೆನ್ನಾಗಿ ಉಳಿದಿರುವುದು. ಮುಂದೆ ಕೋಮ್ ಓಂಬೋ ಎಂಬಲ್ಲಿ ಮೊಸಳೆಯ ದೇವರಿಗೂ ಗಿಡುಗದ ದೇವರಿಗೂ ಒಂದೇ ಗುಡಿ. ಬಾಗಿಲುಗಳೂ ಗರ್ಭಗೃಹಗಳೂ ಜೋಡಿ. ಅಲ್ಲಿಯ ಬಾವಿಯಂಥ ಕಟ್ಟಡದಲ್ಲಿ ನದಿಯ ಏರಿಕೆಯನ್ನು ಅಳೆಯುತ್ತಿದ್ದರು. ನೀರೇರಿದಂತೆ ಬೆಳೆ, ಬೆಳೆಯಂತೆ ಕಂದಾಯ.

ಐದನೆಯ ದಿನದ ಹೊತ್ತಿಗೆ ಅಸ್ವಾನಿನಲ್ಲಿದ್ದೆವು. ಇಲ್ಲಿಯ ಕೆಂಪು ಕಲ್ಲಿನ ಗಣಿಯಲ್ಲಿ ಸುಮಾರು ೪೨ ಮೀಟರು ಉದ್ದದ ಸ್ತಂಭವೊಂದು ಅರ್ಧ ಕಡಿದು ಮಲಗಿದೆ. ಕಡಿಯುವಾಗ ಬಿರುಕು ಕಾಣಿಸಿಕೊಂಡುದರಿಂದ ಹಾಗೆಯೇ ಬಿಟ್ಟುಹೋದರು. ಊರಿನ ದಕ್ಷಿಣಕ್ಕೆ ಎರಡು ಅಣೆಕಟ್ಟುಗಳು. ಹಳೆಯದು ೧೯೦೨ರದು, ೧೧೧ ಮೀಟರು ಎತ್ತರದ ದೊಡ್ಡ ಅಣೆಕಟ್ಟು ೧೯೬೦ರಲ್ಲಿ ಆರಂಭವಾಗಿ ೧೯೭೦ರಲ್ಲಿ ಪೂರ್ತಿಯಾಯಿತು. ಇದರಿಂದ ನೆರೆಯ ಭಯವು ತಪ್ಪಿತು, ವಿದ್ಯುಚ್ಛಕ್ತಿ ಬಂದಿತು, ವರ್ಷವೆಲ್ಲ ನೀರಾವರಿಯಾಯಿತು. ಆದರೆ ಪ್ರತಿವರ್ಷವೂ ನೆರೆಯು ತಂದು ಹಾಕುತ್ತಿದ್ದ ಫಲವತ್ತಾದ ಕಪ್ಪುಮಣ್ಣು ಈಗ ಅಣೆಕಟ್ಟಿನ ಹಿಂದೆಯೇ ನಿಲ್ಲುವುದು. ರೈತನು ಗೊಬ್ಬರವನ್ನು ಕೊಂಡು ಹಾಕಬೇಕಾಗಿದೆ.

ಫಿಲೇ ದ್ವೀಪದ ಐಸಿಸ್ ದೇವಿಯ ಗುಡಿಯು ಮೊದಲನೆಯ ಅಣೆಕಟ್ಟಿನಿಂದ ವರ್ಷದ ಬಹುಭಾಗ ನೀರಿನಲ್ಲಿರುತ್ತಿತ್ತು. ೧೯೭೨ರಿಂದ ೧೯೮೦ರವರೆಗೆ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಸಮೀಪದ ಎತ್ತರದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಕಟ್ಟಿದರು. ಇದುವರೆಗೆ ದೊರೆತ ಚಿತ್ರಲಿಪಿಯ ಶಾಸನಗಳಲ್ಲಿ ಕೊನೆಯದು, ಕ್ರಿಸ್ತಶಕ ೩೯೪ರದು, ಈ ಗುಡಿಯಲ್ಲಿಯೇ ಇರುವುದು. ಮುಂದೆ ಆ ಲಿಪಿಯನ್ನು ಓದುವವರೇ ಇಲ್ಲದಾಗಿ, ೧೮೨೨ರಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚ್ ಪಂಡಿತನು ಅದರ ಗುಟ್ಟನ್ನು ಬಿಡಿಸಿದನು.

ಮರುದಿನ, ಹಡಗನ್ನು ಬಿಟ್ಟು, ಬೆಳಗಿನ ಜಾವದ ನಾಲ್ಕು ಗಂಟೆಗೆ ಮೋಟಾರಿನಲ್ಲಿ ಅಬು ಸಿಂಬೆಲಿಗೆ ಹೊರಟೆವು. ಮರುಭೂಮಿಯಲ್ಲಿ ಮೂರು ಗಂಟೆಗೂ ಹೆಚ್ಚಿನ ದಾರಿ. ಬಂಡೆಯಲ್ಲಿ ಕೊರೆದ ಎರಡನೆಯ ರಾಮ್ಸೆಸನ ನಾಲ್ಕು ಆಸೀನ ವಿಗ್ರಹಗಳು ಒಂದೊಂದೂ ೨೦ ಮೀಟರು ಎತ್ತರ. ಪಕ್ಕದಲ್ಲಿ ಅವನ ರಾಣಿ ನೆಫರ್ತಾರಿಯ ಗುಡಿ. ಅದರ ಮುಂಭಾಗದಲ್ಲಿ ರಾಣಿಯ ವಿಗ್ರಹವೂ ರಾಜನಷ್ಟೇ ಎತ್ತರ. ದೊಡ್ಡ ಅಣೆಕಟ್ಟಿನಿಂದ ಇದೆಲ್ಲ ಮುಳುಗುವುದೆಂದು ತಿಳಿದಾಗ ಯುನೆಸ್ಕೋ ಸಂಸ್ಥೆಯು ೧೯೬೦ರಲ್ಲಿ ಜಗತ್ತಿನ ನೆರವನ್ನು ಬೇಡಿತು. ೧೯೬೪ರಿಂದ ೧೯೬೮ರವರೆಗೆ ಬೆಟ್ಟವನ್ನೇ ಇಪ್ಪತ್ತು ಮೂವತ್ತು ಟನ್ ತೂಕದ ತುಂಡುಗಳಾಗಿ ಕೊಯ್ದು, ೬೫ ಮೀಟರು ಮೇಲಕ್ಕೆ ಎತ್ತಿ ಜೋಡಿಸಿದರು. ವರ್ಷಕ್ಕೆ ಎರಡು ದಿನ ಉದಯಸೂರ್ಯನ ಕಿರಣವು ಗರ್ಭಗೃಹವನ್ನು ಮುಟ್ಟುವ ಏರ್ಪಾಡನ್ನೂ ಉಳಿಸಿಕೊಂಡರು. ನಮ್ಮ ದೇಶದಿಂದಲೂ ಬಿ. ಬಿ. ಲಾಲರ ನೇತೃತ್ವದಲ್ಲಿ ತಂಡವೊಂದು ಹೋಗಿ ೧೯೬೨ರಲ್ಲಿ ನೂಬಿಯಾದ ಅಫಿಯೇ ಎಂಬಲ್ಲಿ ಉತ್ಖನನವನ್ನು ನಡೆಸಿತು.

ನಾವು ವಿಗ್ರಹಗಳನ್ನು ನೋಡುತ್ತಿರುವಾಗ ತಾಯಿಯವರು ಅವಕ್ಕೆ ಬೆನ್ನುಮಾಡಿ ನೀರಿನ ಕಡೆಗೆ ತಿರುಗಿ ಕುಳಿತಿದ್ದರು. ಮಾರ್ಗದರ್ಶಿಯು ಹತ್ತಿರ ಹೋಗಿ, ಆಯಾಸವಾಯಿತೇ ಎಂದು ವಿಚಾರಿಸಿದನು. ‘ನಿನ್ನ ಊರು ಎಲ್ಲಿತ್ತಪ್ಪಾ?’ ಎಂದು ಅವರು ಕನ್ನಡದಲ್ಲಿಯೇ ಕೇಳಿದರು. ನಾವು ಇಂಗ್ಲಿಷಿನಲ್ಲಿ ಹೇಳಿದೆವು. ಅವನು ಸುಮ್ಮನೆ ಜಲಾಶಯದ ನಡುವಿಗೆ ಬೆರಳು ತೋರಿಸಿದನು. ೧೯೬೩-೬೪ರಲ್ಲಿ ಈಜಿಪ್ಟಿನ ಸುಮಾರು ೫೦,೦೦೦ ಮಂದಿ ನೂಬಿಯದವರನ್ನು ಎಬ್ಬಿಸಿ ಕೋಮ್ ಓಂಬೋದ ಬಳಿ ನೆಲೆಗೊಳಿಸಿದರು. ಅವನ ತಂದೆ ಆಗ ಹುಡುಗನು. ಹೊರಡುವ ದಿನ ಅಜ್ಜಿಯು ಗೋರಿಗಳಿಗೆ ನೀರು ಚಿಮುಕಿಸಿ, ಮನೆಗೆ ಬೀಗ ಹಾಕಿ, ಬೀಗದಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳಂತೆ. ಹೊಸ ಊರುಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟುಕೊಂಡರು. ಆದರೆ ಅಲ್ಲಿ ನದಿಯಿರಲಿಲ್ಲ.

ತಾಯಿಯವರು ಆಗ ತಮ್ಮ ಕಥೆಯನ್ನು ಹೇಳಿದರು. ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾದುದು ೧೯೬೪ರಲ್ಲಿ. ಅವರ ಹಳ್ಳಿಯು ಅದರ ಹಿನ್ನೀರಿನಲ್ಲಿ ಮುಳುಗಿತು. ಹನ್ನೆರಡು ಹದಿಮೂರು ವರ್ಷದ ಹುಡುಗಿಯಾಗಿ ಎತ್ತಿನ ಗಾಡಿಯಲ್ಲಿ ಕುಳಿತು ಬಂದರು. ಮುಂದಿನ ಗಾಡಿಯಲ್ಲಿ ಊರದೇವರನ್ನು ಕೂರಿಸಿದ್ದರು. ‘ದೇವರನ್ನು ತಂದೆವು, ಅಡಿಕೆ ಮರಗಳನ್ನು ತರಲಾಗಲಿಲ್ಲ’ ಎಂದರು. ಇಷ್ಟು ವರ್ಷಗಳಲ್ಲಿ ಈ ಮಾತನ್ನು ನಮ್ಮ ಮುಂದೆ ಅವರು ಒಮ್ಮೆಯೂ ಆಡಿರಲಿಲ್ಲ, ನಾವೂ ಕೇಳಿರಲಿಲ್ಲ. ಅವರು ದೊಡ್ಡ ಹೊಳೆಯನ್ನು ನೋಡಬೇಕೆಂದುದರ ಅರ್ಥವು ನಮಗೆ ಅಲ್ಲಿ ತಿಳಿಯಿತು. ಮಾರ್ಗದರ್ಶಿಯು ಎಲ್ಲವನ್ನೂ ಕೇಳಿ, ‘ನಮ್ಮ ಕಡೆ ಖರ್ಜೂರದ ಮರಗಳು, ಹಾಗ್ಗಾ’ ಎಂದನು. ಇಬ್ಬರೂ ಬಹಳ ಹೊತ್ತು ನೀರನ್ನು ನೋಡುತ್ತ ಕುಳಿತರು.

ಅಣೆಕಟ್ಟುಗಳು ಬೇಡವೆಂದು ನಾವು ಹೇಳಲಾರೆವು. ನಮ್ಮ ಮನೆಯ ದೀಪಗಳೂ ಶರಾವತಿಯಿಂದಲೇ ಉರಿದವು. ಕಲ್ಲಿನ ಗುಡಿಗಳಿಗಾಗಿ ಲೋಕವೇ ಕೂಡಿಬಂದುದೂ ದೊಡ್ಡ ಮಾತೇ. ಆದರೆ ಗುಡಿಗೆ ಬಂದವರು, ಅದರ ನೆರೆಯಲ್ಲಿ ದೀಪ ಹಚ್ಚುತ್ತಿದ್ದ ಮನೆಗಳು ಏನಾದವೆಂದು ಒಮ್ಮೆ ವಿಚಾರಿಸಿದರೆ ಒಳ್ಳೆಯದು.

ಹೋಗಬಯಸುವ ವಾಚಕರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆಯು ಹಿತಕರ. ಆದರೂ ಬೆಳಗಿನ ಚಳಿಗೆ ಶಾಲು ಬೇಕು. ಸಸ್ಯಾಹಾರಿಗಳು ಅಂಜಬೇಕಾಗಿಲ್ಲ, ಬೇಯಿಸಿದ ಅವರೆಯಂಥ ಕಾಳಿನ ‘ಫೂಲ್’, ಅದೇ ಕಾಳನ್ನು ರುಬ್ಬಿ ಕರಿದ ವಡೆ, ಅನ್ನ, ರೊಟ್ಟಿ ಎಲ್ಲೆಡೆಯೂ ದೊರೆಯುವವು. ಬಕ್ಷೀಸು ಕೇಳುವ ಕೈಗಳು ಹೆಜ್ಜೆಹೆಜ್ಜೆಗೂ ಇರುವುದರಿಂದ ಚಿಲ್ಲರೆ ನೋಟುಗಳಿರಲಿ. ವೃದ್ಧರಿರುವವರು ಕೋಣೆಯನ್ನು ಮೇಲಣ ಅಂತಸ್ತಿನಲ್ಲಿಯೇ ಕೇಳಿ ಪಡೆಯಬೇಕು. ನಮಗೆ ಗೊತ್ತುಮಾಡಿಕೊಟ್ಟವರು ಇಂಜಿನ್ನಿನ ಪಕ್ಕದ ಕೋಣೆಯನ್ನು ಕೊಡಿಸಿದ್ದರಿಂದ ಮೊದಲ ರಾತ್ರಿ ನಿದ್ರೆಯಿಲ್ಲದಾಯಿತು.

ಊರಿಗೆ ಬಂದ ಮೇಲೆ ತಾಯಿಯವರು ಒಂದೇ ಒಂದು ಬೇಡಿಕೆಯನ್ನು ಮುಂದಿಟ್ಟಿರುವರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ನೆಲವು ಅಲ್ಲಲ್ಲಿ ತಲೆಯೆತ್ತುವುದುಂಟು. ಆಗ ತಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಹೇಳಿದ್ದಾರೆ. ಏಪ್ರಿಲ್ ತಿಂಗಳಿನಲ್ಲಿ ಹೋಗುವುದೆಂದು ನಿಶ್ಚಯಿಸಿದ್ದೇವೆ.