ಹಳೆಯ ಟರ್ಬೊ ಕಾರು, ಹೊಸ ಸ್ಪಾರ್ಕ್ ಪ್ಲಗ್

ಪ್ರಶ್ನೆ: ಲಕ್ಷ ಕಿಲೋಮೀಟರ್ ದಾಟಿದ ಸುಬಾರು ಡಬ್ಲ್ಯುಆರ್‌ಎಕ್ಸ್‌ನಂಥ ವೇಗದ ಕಾರಿನ ಸ್ಪಾರ್ಕ್ ಪ್ಲಗ್‌ಗಳನ್ನು ಮನೆಯಲ್ಲೇ ಬದಲಾಯಿಸಬಹುದೇ?

ಉತ್ತರ: ಬದಲಾಯಿಸಬಹುದು, ಆದರೆ ಈ ಕಾರಿನದು ‘ಬಾಕ್ಸರ್’ ಎಂಜಿನ್, ಅಂದರೆ ಸಿಲಿಂಡರ್‌ಗಳು ಎಡಬಲಕ್ಕೆ ಅಡ್ಡಲಾಗಿ ಮಲಗಿರುವ ಎಂಜಿನ್ ಆದುದರಿಂದ, ಪ್ಲಗ್‌ಗಳು ಕಾರಿನ ಪಕ್ಕದ ತಗಡಿಗೆ ಮುಖಮಾಡಿದ್ದು, ಬ್ಯಾಟರಿಯನ್ನು ತೆಗೆದ ಮೇಲೂ ಕೈಯಾಡಿಸಲು ಸಿಗುವ ಜಾಗ ಕಿರಿದು.

ಪ್ಲಗ್ ಸವೆದಂತೆ ಅದರ ಎಲೆಕ್ಟ್ರೋಡ್‌ಗಳ, ಎಂದರೆ ಕಿಡಿ ಹಾರುವ ಲೋಹದ ಮೊನೆಗಳ, ನಡುವಿನ ಅಂತರ ಹಿಗ್ಗುತ್ತದೆ; ಟರ್ಬೊ ಒತ್ತಿ ತುಂಬಿದ ದಟ್ಟ ಗಾಳಿಯಲ್ಲಿ ಆ ಅಂತರವನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ, ಸಾಧಾರಣ ಕಾರು ಸಹಿಸಿಕೊಳ್ಳುವಷ್ಟು ಸವೆತವೇ ಇಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಿಸ್‌ಫೈರ್ ಆಗಿ, ಅಂದರೆ ಇಂಧನ ಸರಿಯಾಗಿ ಹೊತ್ತಿಕೊಳ್ಳದ ಮುಗ್ಗರಿಕೆಯಾಗಿ, ಕಾಣಿಸಿಕೊಳ್ಳುತ್ತದೆ. ಸುಮಾರು 2,446 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಇರಿಡಿಯಂನ ತುದಿ ಈ ಸವೆತವನ್ನು ಬಹುಕಾಲ ತಡೆಯುತ್ತದೆ.

ನಿಜವಾದ ಅಪಾಯವಿರುವುದು ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ನ ಥ್ರೆಡ್‌ನಲ್ಲಿ, ಅಂದರೆ ಪ್ಲಗ್ ಕೂರುವ ತಿರುಪಿನ ಸುತ್ತುಗಳಲ್ಲಿ. ಬಿಸಿ ಎಂಜಿನ್‌ನಿಂದ ಪ್ಲಗ್ ಬಿಚ್ಚಿದರೆ ಈ ಮೆದು ಲೋಹ ಕಿತ್ತುಬರುವ ಸಂಭವವಿರುವುದರಿಂದ ಎಂಜಿನ್ ಪೂರ್ತಿ ತಣ್ಣಗಾಗಬೇಕು. ಪ್ಲಗ್ ಇಳಿದಿರುವ ಗುಳಿಯಲ್ಲಿ ಕೂತ ಧೂಳನ್ನು ಗಾಳಿ ಹಾಯಿಸಿ ಮೊದಲೇ ಹೊರದೂಡಬೇಕು. ಹೊಸ ಪ್ಲಗ್ಗನ್ನು ರಬ್ಬರ್ ಕೊಳವೆಗೆ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಯಲ್ಲಿ ಮಾತ್ರ, ಎಷ್ಟು ಬಲ ಬಿದ್ದಿತೆಂದು ತೋರಿಸುವ ಟಾರ್ಕ್ ರೆಂಚ್‌ನಿಂದ, ಕೈಪಿಡಿ ಹೇಳುವ ಅಳತೆಗೆ ಬಿಗಿಯಬೇಕು. ಹೊರಬಂದ ಪ್ಲಗ್‌ನ ಮೊನೆ ತಿಳಿಗಂದು ಬಣ್ಣದ್ದಾಗಿದ್ದರೆ ದಹನ ಸರಿಯಿದೆ. ಗುಳಿಯಲ್ಲೇ ಆಯಿಲ್ ನಿಂತಿದ್ದರೆ ಬಹುಮಟ್ಟಿಗೆ ವಾಲ್ವ್ ಕವರ್‌ನ ಸೀಲ್ ಸೋತಿದೆ. ಬಿಚ್ಚುವಾಗ ಪ್ಲಗ್ ಬಿಗಿಹಿಡಿದು ನಿಂತರೆ ಬಲಪ್ರಯೋಗ ಮಾಡದೆ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಅಗ್ಗ.